ಬಿಳಿಗಾರದ ವಂಶದ ಕಪ್ಪು ಕಲ್ಲು

ಅಕ್ಕಸಾಲಿಗರ ಅಂಗಡಿಯ ಮುಂದೆ ಕುಳಿತು ಕೆಲಸ ನೋಡಿದವರಿಗೆ ಬಿಳಿಗಾರದ ಪರಿಚಯ ಇದ್ದೇ ಇರುತ್ತದೆ. ತುಂಡಾದ ಸರದ ಕೊಂಡಿಯನ್ನು ಬೆಸೆಯುವ ಮುನ್ನ ಆತ ಬಿಳಿಯ ಹರಳೊಂದನ್ನು ನೀರು ಹಾಕಿ ಕಲ್ಲಿನ ಮೇಲೆ ತೇಯುತ್ತಾನೆ. ಆ ಗಂಧವನ್ನು ಬೆಸುಗೆಯ ಜಾಗಕ್ಕೆ ಹಚ್ಚಿ, ಊದುಗೊಳವೆಯಿಂದ ಉರಿಯನ್ನು ಅತ್ತ ಹಾಯಿಸುತ್ತಾನೆ. ಬಿಳಿಗಾರ ಮೊದಲು ಉಬ್ಬಿ ಅರಳುತ್ತದೆ. ಆಮೇಲೆ ಕರಗಿ ಗಾಜಿನಂತಾಗಿ, ಲೋಹದ ಮೈಮೇಲಿನ ಕಿಲುಬನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಬೆಸುಗೆ ಕೂಡುತ್ತದೆ. ಚಿಕ್ಕಂದಿನಲ್ಲಿ ಈ ಕೆಲಸವನ್ನು ನಾನು ಮೈಮರೆತು ನೋಡುತ್ತಿದ್ದೆ. ಕನ್ನಡ ಪಾಠ ಹೇಳುವುದನ್ನು ವೃತ್ತಿಯಾಗಿ ಹಿಡಿದ ಮೇಲೆ ಆ ಶಬ್ದದ ಬೆನ್ನು ಹತ್ತಿದೆ. ಶಬ್ದದ ಬೆನ್ನು ಹತ್ತಿದವನು ವಸ್ತುವಿನ ಬೆನ್ನನ್ನೂ ಹತ್ತಬೇಕಾಯಿತು. ಹಾಗೆ ಹೋಗಿ ತಲುಪಿದ ಸ್ಥಳಗಳು ಮಾತ್ರ ನಾನು ಎಣಿಸಿದವಲ್ಲ: ಒಂದು ಸೈನಿಕನ ಎದೆಯ ಕವಚ, ಇನ್ನೊಂದು ಪರಮಾಣು ಸ್ಥಾವರದ ಗರ್ಭ. ರಸಾಯನ ಶಾಸ್ತ್ರ ನನ್ನ ವಿಷಯವಲ್ಲ. ಆದರೂ ಈ ವಸ್ತುವಿನ ಚರಿತ್ರೆಯನ್ನು ವಾಚಕರೊಡನೆ ಹಂಚಿಕೊಳ್ಳದೆ ಇರಲಾರೆ.

ಬಿಳಿಗಾರಕ್ಕೆ ಸಂಸ್ಕೃತದಲ್ಲಿ ಟಂಕಣವೆಂದು ಹೆಸರು. ನಮ್ಮ ರಸಶಾಸ್ತ್ರ ಗ್ರಂಥಗಳಲ್ಲಿ ಅದಕ್ಕೆ ಸೌಭಾಗ್ಯವೆಂಬ ಮಂಗಳಕರವಾದ ಹೆಸರೂ ಉಂಟು. ಟಿಬೆಟ್ಟಿನ ಬತ್ತಿದ ಸರೋವರಗಳ ದಡದಲ್ಲಿ, ಲಡಾಖಿನ ಪೂಗಾ ಕಣಿವೆಯಲ್ಲಿ ಅದು ದೊರೆಯುತ್ತಿತ್ತು. ಕುರಿ ಮೇಕೆಗಳ ಬೆನ್ನ ಮೇಲೆ ಸಣ್ಣ ಸಣ್ಣ ಚೀಲಗಳಲ್ಲಿ ಹೇರಿಕೊಂಡು ಹಿಮಾಲಯದ ಕಣಿವೆಗಳನ್ನು ಇಳಿಯುತ್ತಿತ್ತು. ಅಲ್ಲಿಂದ ಪಶ್ಚಿಮಕ್ಕೆ ಸಾಗಿ, ವೆನಿಸ್ ನಗರದಲ್ಲಿ ಶುದ್ಧಿಗೊಂಡು ಯೂರೋಪಿನ ಅಕ್ಕಸಾಲಿಗರ ಕೈ ಸೇರುತ್ತಿತ್ತು. ಕಚ್ಚಾ ಬಿಳಿಗಾರಕ್ಕೆ ಅಲ್ಲಿನ ವರ್ತಕರು ಟಿಂಕಲ್ ಎನ್ನುತ್ತಿದ್ದರು. ನಮ್ಮ ಟಂಕಣವೇ ವೇಷ ಬದಲಿಸಿದೆಯೆಂದು ಯಾರಿಗಾದರೂ ತಿಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಟಲಿಯ ಟಸ್ಕನಿಯ ಬಿಸಿ ಬುಗ್ಗೆಗಳಿಂದ ಬೋರಿಕ್ ಆಮ್ಲ ಬರತೊಡಗಿತು. ೧೮೮೦ರ ದಶಕದಲ್ಲಿ ಅಮೆರಿಕದ ಡೆತ್ ವ್ಯಾಲಿ ಮರುಭೂಮಿಯಿಂದ ಹೇಸರಗತ್ತೆಗಳ ಗಾಡಿಗಳು ಬೊರಾಕ್ಸನ್ನು ಹೇರಿಕೊಂಡು ಬಂದವು. ಟಿಬೆಟ್ಟಿನ ಕುರಿಗಳ ವ್ಯಾಪಾರ ಕುಗ್ಗಿತು. ಇಂದು ಲೋಕದ ಅತಿ ದೊಡ್ಡ ನಿಕ್ಷೇಪಗಳಿರುವುದು ತುರ್ಕಿಯಲ್ಲಿ.

ಕಥೆಗೆ ಬೇಕಾದ ಇನ್ನೊಂದು ಶಬ್ದ ಕುರುವಿಂದ. ಸಾಣೆ ಹಿಡಿಯುವವರ ಕಲ್ಲಿಗೆ ಮೊನೆ ಕೊಡುತ್ತಿದ್ದುದು ಈ ಖನಿಜ. ಇದರ ಹೆಸರೂ ದಕ್ಷಿಣ ಭಾರತದಿಂದಲೇ ಹೊರಟು ಇಂಗ್ಲಿಷಿನಲ್ಲಿ ಕೋರಂಡಮ್ ಆಯಿತು. ಮಾಣಿಕ್ಯ, ನೀಲ ಎರಡೂ ಈ ಕುಲದ ರತ್ನಗಳೇ. ೧೮೧೨ರಲ್ಲಿ ಜರ್ಮನಿಯ ಫ್ರೀಡ್ರಿಕ್ ಮೋಸ್ ಖನಿಜಗಳ ಕಾಠಿಣ್ಯಕ್ಕೆ ಹತ್ತು ಮೆಟ್ಟಿಲುಗಳ ಏಣಿಯೊಂದನ್ನು ಮಾಡಿದಾಗ, ಹತ್ತನೆಯ ಮೆಟ್ಟಿಲಲ್ಲಿ ವಜ್ರವನ್ನೂ ಒಂಬತ್ತನೆಯದರಲ್ಲಿ ಕುರುವಿಂದವನ್ನೂ ಕೂರಿಸಿದ. ಈ ಎರಡು ಮೆಟ್ಟಿಲುಗಳ ನಡುವೆ ಪ್ರಕೃತಿ ಯಾರನ್ನೂ ಕೂರಿಸಿರಲಿಲ್ಲವೆನ್ನಬಹುದು. ಆದರೆ ಅಂತರ ಬಹಳ ದೊಡ್ಡದು: ವಜ್ರ ಕುರುವಿಂದಕ್ಕಿಂತ ಒಂದಂಶ ಮಾತ್ರ ಗಟ್ಟಿಯಲ್ಲ, ಹಲವು ಪಟ್ಟು ಗಟ್ಟಿ. ಆ ಖಾಲಿ ಜಾಗದಲ್ಲಿ ಮನುಷ್ಯ ತಾನು ಮಾಡಿದ ವಸ್ತುಗಳನ್ನು ತಂದು ಕೂರಿಸಿದ್ದೇ ಮುಂದಿನ ಚರಿತ್ರೆ.

ಬಿಳಿಗಾರದೊಳಗೆ ಅಡಗಿದ್ದ ಮೂಲವಸ್ತುವನ್ನು ೧೮೦೮ರಲ್ಲಿ ಪ್ಯಾರಿಸಿನಲ್ಲಿ ಗೇ-ಲ್ಯುಸಾಕ್ ಮತ್ತು ಥೆನಾರ್, ಲಂಡನಿನಲ್ಲಿ ಹಂಫ್ರಿ ಡೇವಿ ಬಹುಮಟ್ಟಿಗೆ ಏಕಕಾಲಕ್ಕೆ ಬೇರ್ಪಡಿಸಿದರು. ಅದೇ ಬೋರಾನ್. ೧೮೮೩ರಲ್ಲಿ ಫ್ರಾನ್ಸಿನ ಜೋಲಿ ಎಂಬಾತ ಬೋರಾನ್ ಇಂಗಾಲದೊಡನೆ ಕೂಡಿದ ಸಂಯುಕ್ತವೊಂದನ್ನು ಕಂಡು, ಬೋರಾನ್ ಮೂರು ಪಾಲು, ಇಂಗಾಲ ಒಂದು ಪಾಲು ಎಂದು ಬರೆದ. ಅನಂತರ ಬಂದವನು ಆಂರಿ ಮೋಯ್ಸಾನ್. ಈತನ ಹಂಬಲ ವಜ್ರವನ್ನು ಮಾಡಬೇಕೆಂಬುದು. ಸುಣ್ಣದ ಎರಡು ದಿಮ್ಮಿಗಳ ನಡುವೆ ಇಂಗಾಲದ ಎರಡು ಕಡ್ಡಿಗಳನ್ನಿಟ್ಟು, ವಿದ್ಯುತ್ತಿನ ಕಿಡಿಯಿಂದ ೩೦೦೦ ಡಿಗ್ರಿಗೂ ಮೀರಿದ ಶಾಖವನ್ನು ಹುಟ್ಟಿಸುವ ಕುಲುಮೆಯನ್ನು ಆತ ೧೮೯೨ರಲ್ಲಿ ಕಟ್ಟಿದ. ಕರಗಿದ ಕಬ್ಬಿಣದಲ್ಲಿ ಇಂಗಾಲವನ್ನು ಲೀನಗೊಳಿಸಿ ತಟ್ಟನೆ ತಣಿಸಿದರೆ ವಜ್ರ ದೊರೆಯುತ್ತದೆಂದು ಆತ ನಂಬಿದ್ದ, ದೊರೆಯಿತೆಂದೂ ಸಾರಿದ. ಆ ಮಾತನ್ನು ಲೋಕ ಕೊನೆಗೆ ಒಪ್ಪಲಿಲ್ಲ. ಆದರೆ ಅದೇ ಕುಲುಮೆಯಲ್ಲಿ ಬೋರಾನನ್ನೂ ಇಂಗಾಲವನ್ನೂ ಕೂಡಿಸಿದಾಗ ಕಪ್ಪಾಗಿ ಹೊಳೆಯುವ ಹರಳುಗಳು ಸಿಕ್ಕವು. ಮೋಯ್ಸಾನನ ಲೆಕ್ಕದಲ್ಲಿ ಅವುಗಳಲ್ಲಿ ಬೋರಾನ್ ಆರು ಪಾಲು, ಇಂಗಾಲ ಒಂದು. ೧೯೦೬ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಬಂತು. ಮರುವರ್ಷದ ಫೆಬ್ರವರಿಯಲ್ಲಿ ತೀರಿಕೊಂಡ. ವಜ್ರವನ್ನು ಅರಸಿ ಹೋದವನ ಕೈಗೆ ವಜ್ರದ ನೆರೆಯವನು ಸಿಕ್ಕಿದ್ದ. ಆದರೆ ಅದರ ಬೆಲೆ ಆಗ ಯಾರಿಗೂ ತಿಳಿದಿರಲಿಲ್ಲ.

ಬೆಲೆ ತಿಳಿದದ್ದು ೧೯೩೪ರಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ವೂಸ್ಟರ್ ನಗರದ ನಾರ್ಟನ್ ಕಂಪೆನಿ ಸಾಣೆಚಕ್ರಗಳಿಗೆ ಹೆಸರಾಗಿತ್ತು. ಅಲ್ಲಿನ ರಿಡ್ಜ್‌ವೇ ಎಂಬ ವಿಜ್ಞಾನಿ ಈ ವಸ್ತುವನ್ನು ಶುದ್ಧವಾಗಿ, ಕಾರ್ಖಾನೆಯ ಪ್ರಮಾಣದಲ್ಲಿ ಮಾಡುವ ಕ್ರಮವನ್ನು ಪ್ರಕಟಿಸಿ, ಬೋರಾನ್ ನಾಲ್ಕು, ಇಂಗಾಲ ಒಂದು ಎಂಬ ಸೂತ್ರವನ್ನು ಕೊಟ್ಟ. ಕಂಪೆನಿ ಅದನ್ನು ನಾರ್ಬೈಡ್ ಎಂಬ ಹೆಸರಿನಲ್ಲಿ ಮಾರಿತು. ಮಾಡುವ ವಿಧಾನದ ತಿರುಳು ಸರಳ. ಕೇರಂ ಹಲಗೆಯ ಮೇಲೆ ನಾವು ಚಿಮುಕಿಸುವ ಬೋರಿಕ್ ಪುಡಿಯನ್ನು ಕಾಯಿಸಿ ನೀರಿನಂಶ ತೆಗೆದರೆ ಬೋರಿಕ್ ಆಕ್ಸೈಡ್ ಉಳಿಯುತ್ತದೆ. ಅದನ್ನು ಇಂಗಾಲದ ಪುಡಿಯೊಡನೆ ಬೆರೆಸಿ ವಿದ್ಯುತ್ ಕುಲುಮೆಯಲ್ಲಿ ೨೦೦೦ ಡಿಗ್ರಿಗೂ ಮೀರಿ ಕಾಯಿಸಬೇಕು. ಆಮ್ಲಜನಕ ಇಂಗಾಲದೊಡನೆ ಅನಿಲವಾಗಿ ಹೊರಟುಹೋಗುತ್ತದೆ. ಬೋರಾನ್ ಕಾರ್ಬೈಡ್ ಗಟ್ಟಿಯಾಗಿ ಉಳಿಯುತ್ತದೆ. ಅದನ್ನು ಒಡೆದು ಪುಡಿ ಮಾಡುವುದು ಮತ್ತೊಂದು ಸಾಹಸ. ಆ ಪುಡಿಯನ್ನು ಬಿಲ್ಲೆಯಾಗಿ ಕೂಡಿಸುವುದು ಅದಕ್ಕಿಂತ ಕಷ್ಟ: ಗ್ರಾಫೈಟಿನ ಅಚ್ಚಿನೊಳಗಿಟ್ಟು, ಸುಮಾರು ೨೧೦೦ ಡಿಗ್ರಿ ಶಾಖದಲ್ಲಿ ಭಾರಿ ಒತ್ತಡ ಹಾಕಬೇಕು. ಇದು ಅಗ್ಗದ ವಸ್ತುವಾಗದಿರುವುದಕ್ಕೆ ಕಾರಣ ಬೋರಾನಿನ ಅಭಾವವಲ್ಲ, ಬೆಂಕಿಯ ಖರ್ಚು.

ಮೂರು, ಆರು, ನಾಲ್ಕು ಎಂಬ ಈ ಜಗಳ ಯಾಕೆ ಬಂತು? ಉತ್ತರ ಹರಳಿನ ರಚನೆಯಲ್ಲಿದೆ. ೧೯೪೦ರ ದಶಕದಲ್ಲಿ ಕ್ಷಕಿರಣಗಳಿಂದ ಪರೀಕ್ಷಿಸಿದಾಗ ಕಂಡದ್ದು ಇದು: ಹನ್ನೆರಡು ಪರಮಾಣುಗಳು ಸೇರಿ ಇಪ್ಪತ್ತು ಮುಖಗಳ ಒಂದು ಪಂಜರ, ಪಂಜರ ಪಂಜರಗಳ ನಡುವೆ ಮೂರು ಪರಮಾಣುಗಳ ಒಂದು ಸರಪಳಿ. ಈ ಕಟ್ಟಡದಲ್ಲಿ ಕೆಲವು ಕಡೆ ಇಂಗಾಲದ ಬದಲು ಬೋರಾನ್ ಕುಳಿತರೂ ಕಟ್ಟಡ ಬೀಳದು. ನೂರು ಪರಮಾಣುಗಳಲ್ಲಿ ಇಂಗಾಲ ಸುಮಾರು ೮ರಿಂದ ೨೦ರವರೆಗೆ ಎಷ್ಟಿದ್ದರೂ ಹರಳು ಅದೇ. ಎಂದಮೇಲೆ ರಿಡ್ಜ್‌ವೇಯ ನಾಲ್ಕು ಒಂದು ಅಂಚು. ಮೋಯ್ಸಾನನ ಆರೂ ಪೂರ್ತಿ ತಪ್ಪಲ್ಲ.

ಗಟ್ಟಿತನದಲ್ಲಿ ವಜ್ರ ಮೊದಲು. ೧೯೫೭ರಲ್ಲಿ ಹುಟ್ಟಿದ ಘನ ಬೋರಾನ್ ನೈಟ್ರೈಡ್ ಅದರ ನಂತರ. ಅದರ ಬೆನ್ನಿಗೇ ಬೋರಾನ್ ಕಾರ್ಬೈಡ್. ತೂಕದಲ್ಲಾದರೋ ಆಶ್ಚರ್ಯ. ನೀರಿನ ೨.೫೨ ಪಟ್ಟು ಮಾತ್ರ. ಅಲ್ಯುಮಿನಿಯಂಗಿಂತಲೂ ಹಗುರ, ಉಕ್ಕಿನ ಮೂರನೆಯ ಒಂದು ಭಾಗ. ಮರಳನ್ನು ರಭಸದಿಂದ ಊದಿ ಲೋಹ ಶುದ್ಧಿ ಮಾಡುವ ಯಂತ್ರಗಳ ಮೂತಿಗೆ ಇದನ್ನು ಹಾಕಿದರೆ, ಉಕ್ಕಿನ ಮೂತಿ ಎಂದೋ ಸವೆದುಹೋಗುವ ಕಡೆ ಇದು ಬಾಳುತ್ತದೆ. ನೀಲಮಣಿಯ ಹಲಗೆಗಳನ್ನೂ ಗಟ್ಟಿ ಪಿಂಗಾಣಿಯ ಭಾಗಗಳನ್ನೂ ನುಣುಪು ಮಾಡಲು ಇದರ ಪುಡಿ ಬೇಕು. ಕುರುವಿಂದವನ್ನೇ ಸಾಣೆ ಹಿಡಿಯುವ ಕಲ್ಲು ಇದು.

ಇಷ್ಟೇ ಆಗಿದ್ದರೆ ಇದು ಕಾರ್ಖಾನೆಯವರ ವಿಷಯವಾಗಿ ಉಳಿಯುತ್ತಿತ್ತು. ಆದರೆ ೧೯೩೨ರಲ್ಲಿ ಜೇಮ್ಸ್ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದಿದ್ದ. ಪ್ರಕೃತಿಯ ಬೋರಾನಿನಲ್ಲಿ ನೂರಕ್ಕೆ ಸುಮಾರು ೨೦ ಪರಮಾಣುಗಳು ಬೋರಾನ್-೧೦ ಎಂಬ ಜಾತಿಯವು. ಇವು ನ್ಯೂಟ್ರಾನುಗಳನ್ನು ಬಲು ಹಸಿವಿನಿಂದ ನುಂಗುತ್ತವೆ. ನುಂಗಿದ ಪರಮಾಣು ಲೀಥಿಯಂ ಮತ್ತು ಹೀಲಿಯಂ ಆಗಿ ಒಡೆಯುತ್ತದೆ. ದೀರ್ಘಕಾಲ ವಿಕಿರಣ ಸೂಸುವ ಉಳಿಕೆಯಿಲ್ಲ. ಪರಮಾಣು ಕ್ರಿಯೆಯನ್ನು ಹಿಡಿದು ನಿಲ್ಲಿಸುವ ಕಡ್ಡಿಗಳಿಗೆ ಇದಕ್ಕಿಂತ ತಕ್ಕ ವಸ್ತು ಅಪರೂಪ. ೧೯೬೯ರಲ್ಲಿ ಕೆಲಸ ತೊಡಗಿದ ನಮ್ಮ ತಾರಾಪುರದ ಸ್ಥಾವರದಲ್ಲಿಯೂ, ೧೯೮೫ರಲ್ಲಿ ಕಲ್ಪಾಕ್ಕಂನಲ್ಲಿ ಚೇತನಗೊಂಡ ಪ್ರಾಯೋಗಿಕ ರಿಯಾಕ್ಟರಿನಲ್ಲಿಯೂ ನಿಯಂತ್ರಣದ ಕಡ್ಡಿಗಳು ಇದರವೇ. ನಮ್ಮ ಕೈಗಾದಲ್ಲಿ ಮೊದಲ ತಡೆಯ ಕಡ್ಡಿಗಳು ಕ್ಯಾಡ್ಮಿಯಮಿನವು. ಎರಡನೆಯ ತಡೆಯಾಗಿ ಬೋರಾನ್ ಬೆರೆತ ಲೀಥಿಯಂ ದ್ರಾವಣ ಸಿದ್ಧವಾಗಿರುತ್ತದೆ. ಕಾಳೀ ನದಿಯ ದಡದಲ್ಲಿಯೂ ಬಿಳಿಗಾರದ ಸಂತತಿ ಕಾವಲು ಕಾಯುತ್ತಿದೆಯೆಂದಾಯಿತು.

ಆದರೆ ಕಾವಲುಗಾರ ಒಳ್ಳೆಯವನಾದ ಮಾತ್ರಕ್ಕೆ ಮನೆ ಉಳಿಯುವುದಿಲ್ಲ. ೧೯೮೬ರ ಏಪ್ರಿಲ್ ೨೬ರ ರಾತ್ರಿ ಚೆರ್ನೋಬಿಲ್‌ನ ನಾಲ್ಕನೆಯ ರಿಯಾಕ್ಟರಿನಲ್ಲಿ ಆದದ್ದನ್ನು ನೆನೆಯಬೇಕು. ಅಲ್ಲಿಯ ಕಡ್ಡಿಗಳೂ ಬೋರಾನ್ ಕಾರ್ಬೈಡಿನವೇ. ಆದರೆ ಅವುಗಳ ಕೆಳಗೆ ಗ್ರಾಫೈಟಿನ ತುಂಡುಗಳನ್ನು ಜೋಡಿಸಿದ್ದರು. ಕಡ್ಡಿಯನ್ನು ಪೂರ್ತಿ ಮೇಲೆಳೆದಾಗ ಗರ್ಭದ ನಡುವೆ ಗ್ರಾಫೈಟ್, ಅದರ ಕೆಳಗೆ ಒಂದು ಮೀಟರಿಗೂ ಮಿಕ್ಕ ನೀರು. ಮತ್ತೆ ಇಳಿಸಿದರೆ ಗ್ರಾಫೈಟು ಆ ನೀರನ್ನು ಕೆಳಕ್ಕೆ ತಳ್ಳುತ್ತದೆ. ನೀರು ಅಷ್ಟಿಷ್ಟು ನ್ಯೂಟ್ರಾನುಗಳನ್ನು ಹೀರುತ್ತಿತ್ತು, ಗ್ರಾಫೈಟು ಹೀರುವುದಿಲ್ಲ. ಆದ್ದರಿಂದ ನಿಲ್ಲಿಸಲೆಂದು ಕಡ್ಡಿಗಳನ್ನು ಇಳಿಸಿದ ಮೊದಲ ಕೆಲವು ಕ್ಷಣ ಗರ್ಭದ ಕೆಳಭಾಗದಲ್ಲಿ ಕ್ರಿಯೆ ಏರುತ್ತಿತ್ತು. ಈ ದೋಷ ೧೯೮೩ರಲ್ಲಿಯೇ ಲಿಥುವೇನಿಯಾದ ಇಗ್ನಾಲಿನಾ ಸ್ಥಾವರದಲ್ಲಿ ಕಂಡಿತ್ತು. ಕಂಡರೂ ತಿದ್ದಲಿಲ್ಲ. ಆ ರಾತ್ರಿ ೧ ಗಂಟೆ ೨೩ ನಿಮಿಷಕ್ಕೆ, ಆಗಲೇ ಅಸ್ಥಿರವಾಗಿದ್ದ ರಿಯಾಕ್ಟರಿನಲ್ಲಿ ಕಾರ್ಯಕರ್ತರು ತುರ್ತು ಗುಂಡಿಯನ್ನು ಒತ್ತಿದರು. ಬಂಡಿಯನ್ನು ನಿಲ್ಲಿಸಬೇಕಾದ ಬ್ರೇಕೇ ಬಂಡಿಯನ್ನು ಓಡಿಸಿತು. ಸ್ಥಾವರದ ಕೆಲಸಗಾರರು, ಬೆಂಕಿ ಆರಿಸಲು ಬಂದವರು, ಒಟ್ಟು ೨೮ ಮಂದಿ ವಿಕಿರಣದ ಬೇನೆಯಿಂದ ಮುಂದಿನ ತಿಂಗಳುಗಳಲ್ಲಿ ಸತ್ತರು. ಇಬ್ಬರು ಸ್ಫೋಟದ ಆಘಾತದಿಂದಲೇ ಸತ್ತಿದ್ದರು. ಅನಂತರ ಹೆಲಿಕಾಪ್ಟರುಗಳು ಉರಿಯುವ ಗರ್ಭದ ಮೇಲೆ ಸುಮಾರು ೫೦೦೦ ಟನ್ ಮರಳು, ಜೇಡಿ, ಸೀಸ ಸುರಿದವು. ಜೊತೆಗೆ ಸುಮಾರು ೪೦ ಟನ್ ಬೋರಾನ್ ಕಾರ್ಬೈಡ್. ಸುರಿದುದರಲ್ಲಿ ಬಹುಪಾಲು ಗರ್ಭವನ್ನು ಮುಟ್ಟಲೇ ಇಲ್ಲವೆಂದು ಆಮೇಲೆ ತಿಳಿಯಿತು. ತಪ್ಪು ವಸ್ತುವಿನದಲ್ಲ, ಅದನ್ನು ಜೋಡಿಸಿದ ಕೈಯದು, ಎಚ್ಚರಿಕೆಯನ್ನು ಕೇಳಿಯೂ ಕೇಳದ ಕಿವಿಯದು.

ಇನ್ನು ಕವಚದ ಮಾತು. ೧೯೬೫ರಲ್ಲಿ ವಿಯೆಟ್ನಾಂ ಯುದ್ಧಕಾಲದಲ್ಲಿ ಅಮೆರಿಕದ ಸೈನ್ಯ ತನ್ನ ಹೆಲಿಕಾಪ್ಟರ್ ಚಾಲಕರ ಆಸನಗಳಿಗೆ, ಮುಂದೆ ಬೋರಾನ್ ಕಾರ್ಬೈಡ್, ಹಿಂದೆ ಗಾಜಿನ ನಾರಿನ ಹಲಗೆ ಇರುವ ರಕ್ಷಣೆಯನ್ನು ಅಳವಡಿಸಿತು. ಹಾರುವ ಯಂತ್ರಕ್ಕೆ ಉಕ್ಕಿನ ಭಾರ ಹೊರಿಸುವಂತಿರಲಿಲ್ಲ. ಅದರ ಕೆಲಸದ ರೀತಿ ಹೀಗೆ: ಗುಂಡು ಬಡಿದಾಗ ಗಟ್ಟಿಯಾದ ಬಿಲ್ಲೆ ಗುಂಡಿನ ಮೊನೆಯನ್ನು ಮುರಿದು ಚೂರು ಮಾಡುತ್ತದೆ, ತಾನೂ ಬಿರುಕು ಬಿಡುತ್ತದೆ, ಚೂರುಗಳ ಉಳಿದ ರಭಸವನ್ನು ಹಿಂದಿನ ನಾರಿನ ಪದರ ಹಿಡಿದುಕೊಳ್ಳುತ್ತದೆ. ೨೦೧೮ರಲ್ಲಿ ನಮ್ಮ ರಕ್ಷಣಾ ಇಲಾಖೆ ೧,೮೬,೧೩೮ ಗುಂಡುನಿರೋಧಕ ಅಂಗಿಗಳಿಗೆ ಮಾಡಿಕೊಂಡ ಒಪ್ಪಂದದಲ್ಲಿ ಆರಿಸಿದ ವಸ್ತುವೂ ಇದೇ. ಬೆಟ್ಟ ಹತ್ತುವ ಜವಾನನಿಗೆ ಒಂದೊಂದು ಸೇರು ಭಾರವೂ ಲೆಕ್ಕ.

ಗಟ್ಟಿಯಾದದ್ದು ಯಾವಾಗಲೂ ಗೆಲ್ಲುತ್ತದೆಯೇ? ಇಲ್ಲ. ಬಡಿತದ ವೇಗ ಒಂದು ಮಿತಿಯನ್ನು ಮೀರಿದರೆ ಈ ಬಿಲ್ಲೆ ಎಣಿಸಿದುದಕ್ಕಿಂತ ಬೇಗ ಸೋಲುವುದನ್ನು ತಜ್ಞರು ಮೊದಲಿನಿಂದಲೂ ಗಮನಿಸಿದ್ದರು. ಕಾರಣವನ್ನು ೨೦೦೩ರಲ್ಲಿ ಚೆನ್, ಮೆಕಾಲೆ, ಹೆಮ್ಕರ್ ಎಂಬ ಮೂವರು ಕಂಡರು. ಗುಂಡು ತಿಂದ ಚೂರುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕ್ರಮಬದ್ಧವಾದ ಹರಳಿನ ನಡುವೆ ತೀರ ಸಣ್ಣ ಪಟ್ಟಿಗಳು ಕಂಡವು; ಅಗಲ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಎರಡು ಮೂರು ಪಾಲು. ಆ ಪಟ್ಟಿಗಳಲ್ಲಿ ಪರಮಾಣುಗಳ ಸಾಲು ಕೆಟ್ಟು, ಹರಳು ಗಾಜಿನಂತೆ ಅಸ್ತವ್ಯಸ್ತವಾಗಿತ್ತು. ಬಿರುಕು ಅದೇ ದಾರಿಯಲ್ಲಿ ಓಡುತ್ತದೆ. ಆ ದಾರಿಯನ್ನು ಕಟ್ಟುವುದು ಹೇಗೆಂಬ ಶೋಧನೆ ಇಂದಿಗೂ ನಡೆದಿದೆ. ಹರಳಿಗೆ ತುಸು ಸಿಲಿಕಾನ್ ಸೇರಿಸಿ ನೋಡುವುದು ಅವುಗಳಲ್ಲಿ ಒಂದು.

ಅಕ್ಕಸಾಲಿಯ ಬಿಳಿಗಾರ ಮುರಿದುದನ್ನು ಕೂಡಿಸುತ್ತದೆ. ಕೆಲಸ ಮುಗಿದ ಮೇಲೆ ಗಾಜಾಗಿ ಉದುರಿಹೋಗುತ್ತದೆ. ಅದರ ವಂಶದ ಕಪ್ಪು ಕಲ್ಲು ಇನ್ನೊಬ್ಬರ ಎದೆ ಒಡೆಯದಂತೆ ತಾನು ಒಡೆಯುತ್ತದೆ. ಎರಡೂ ತಮ್ಮನ್ನು ಕಳೆದುಕೊಂಡೇ ಉಪಕಾರ ಮಾಡುವ ಜಾತಿ. ಈಚೆಗೆ ಅಕ್ಕಸಾಲಿಗರ ಅಂಗಡಿಗೆ ಹೋದಾಗ, ತೇಯುವ ಕಲ್ಲಿನ ಪಕ್ಕದಲ್ಲಿದ್ದ ಆ ಹರಳನ್ನು ಕೈಗೆತ್ತಿಕೊಂಡು ನೋಡಿದೆ. “ಅದರಲ್ಲೇನಿದೆ ಮೇಷ್ಟ್ರೇ, ಬಿಳಿಗಾರ ಅಷ್ಟೆ” ಎಂದರು ಅವರು. ನಾನು ಅದನ್ನು ಇದ್ದಲ್ಲೇ ಮೆಲ್ಲನೆ ಇಟ್ಟೆ.