ಎಪ್ಪತ್ತು ಮತದ ಸೋಲು, ಮೂವತ್ತು ವರ್ಷದ ಲೆಕ್ಕ

ಎಪ್ಪತ್ತು. ಬರೀ 70 ಮತ. 2008ರಲ್ಲಿ ಜೇವರ್ಗಿ ಜನ ತಮ್ಮ ಧರ್ಮಸಿಂಗ್ ಸಾಹೇಬ್ರನ್ನ ಸೋಲಿಸಿದ್ದು ಇಷ್ಟೇ ಅಂತರದಲ್ಲಿ. ಗೆದ್ದವರು ಬಿಜೆಪಿಯ ದೊಡ್ಡಪ್ಪಗೌಡ ಪಾಟೀಲ ನರಿಬೋಳ. ಸೋತವರು ಎರಡು ವರ್ಷದ ಹಿಂದೆ ರಾಜ್ಯದ ಮುಖ್ಯಮಂತ್ರಿ ಆಗಿದ್ದವರು. ಒಂದು ಪಂಕ್ತಿ ಊಟಕ್ಕೆ ಕೂರೋವಷ್ಟು ಜನ, ಮೂವತ್ತಾರು ಮಂದಿ, ಆಚೆಯಿಂದ ಈಚೆಗೆ ಬಂದಿದ್ದರೆ ಫಲಿತಾಂಶವೇ ಬೇರೆ.

ಆದರೆ ನನಗೆ ಆ ಸೋಲಿಗಿಂತ ಅದಕ್ಕೂ ಮುಂಚಿನ ಗೆಲುವುಗಳೇ ಹೆಚ್ಚು ಅಚ್ಚರಿ. 1936ರಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿಯಲ್ಲಿ ಹುಟ್ಟಿದ ರಜಪೂತ ಮನೆತನದ ಮನುಷ್ಯ. ಈ ಸೀಮೆಯಲ್ಲಿ ಆ ಜಾತಿಯ ಮತ ಎಷ್ಟು? ಲೆಕ್ಕಕ್ಕೇ ಇಲ್ಲ. ಜಾತಿ ಹಿಡಿದು ಟಿಕೆಟ್ ಹಂಚುವ ರಾಜ್ಯದಲ್ಲಿ, ಲಿಂಗಾಯತರು, ಕೋಲಿ ಕಬ್ಬಲಿಗರು, ದಲಿತರು, ಮುಸ್ಲಿಮರು ತುಂಬಿರೋ ಕ್ಷೇತ್ರದಿಂದ ಈ ವ್ಯಕ್ತಿ ಎಪ್ಪತ್ತರ ದಶಕದಿಂದ 2004ರವರೆಗೂ ಗೆಲ್ತಾನೇ ಬಂದರು. ಅವರಿಗಿದ್ದ ಬಂಡವಾಳ ಒಂದೇ: ಯಾರ ಜತೆಗೂ ಹಗೆ ಕಟ್ಟಿಕೊಳ್ಳದ ಸ್ವಭಾವ. ‘ಅಜಾತಶತ್ರು’ ಅನ್ನೋ ಬಿರುದು ಸುಮ್ಮನೆ ಬಂದದ್ದಲ್ಲ.

ಈ ಸ್ವಭಾವದ ಇನ್ನೊಂದು ಮುಖವನ್ನೂ ನೋಡಿ. 1980ರಲ್ಲಿ ಗುಲಬರ್ಗಾದಿಂದ ಲೋಕಸಭೆಗೆ ಗೆದ್ದರು. ಅದೇ ಚುನಾವಣೆಯಲ್ಲಿ ನವದೆಹಲಿಯಲ್ಲಿ ವಾಜಪೇಯಿ ಎದುರು ಸೋತಿದ್ದ ಕೇರಳದ ಸಿ.ಎಂ. ಸ್ಟೀಫನ್‌ಗೆ ಒಂದು ಸೀಟು ಬೇಕಿತ್ತು. ಧರ್ಮಸಿಂಗ್ ರಾಜೀನಾಮೆ ಕೊಟ್ಟರು. ಸ್ಟೀಫನ್ ಕಲಬುರಗಿಯಿಂದ ಗೆದ್ದು ಇಂದಿರಾ ಸಂಪುಟದಲ್ಲಿ ಮಂತ್ರಿಯಾದರು. ಪಕ್ಷ ಇದನ್ನು ತ್ಯಾಗ ಅಂತು. ಆಗಲಿ. ಆದರೆ ಜನ ಕೊಟ್ಟ ಮತವನ್ನು ಹೈಕಮಾಂಡ್‌ಗೆ ಉಡುಗೊರೆ ಕೊಡೋ ಅಧಿಕಾರ ಯಾರಿಗಿತ್ತು?

ಈಗ ಕಹಿ ಭಾಗಕ್ಕೆ ಬರೋಣ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಬಂತು. ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವು. ಆಳಂದ ಆ ಪಟ್ಟಿಯಲ್ಲಿತ್ತು. ಅಫಜಲಪುರ ಇತ್ತು. ಸಾಹೇಬ್ರ ಸ್ವಂತ ಜೇವರ್ಗಿಯೂ ಇತ್ತು! ಆ ಹೊತ್ತಿಗೆ ಅವರು ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಲೋಕೋಪಯೋಗಿ ಮಂತ್ರಿ. 2004ರ ಮೇನಲ್ಲಿ ಮುಖ್ಯಮಂತ್ರಿಯೂ ಆದರು. ಆದರೆ ಕಾಂಗ್ರೆಸ್ 65, ಜೆಡಿಎಸ್ 58 ಅನ್ನೋ ಸಮ್ಮಿಶ್ರ ಸರ್ಕಾರ ಅದು. ಇಪ್ಪತ್ತು ತಿಂಗಳು ಕುರ್ಚಿ ಹಿಡಿದುಕೊಳ್ಳೋದರಲ್ಲೇ ಕಳೆದುಹೋಯ್ತು. 2006ರ ಆರಂಭದಲ್ಲಿ ಕುಮಾರಸ್ವಾಮಿ ಬಿಜೆಪಿ ಕಡೆ ಹೊರಳಿದರು, ಸರ್ಕಾರ ಬಿತ್ತು.

ಹಾಗಾದ್ರೆ ಉಳಿದದ್ದೇನು? ಸೋಲಿನ ಮರುವರ್ಷ, 2009ರಲ್ಲಿ, ಬೀದರ್‌ನಿಂದ ಲೋಕಸಭೆಗೆ ಹೋದರು. ಕ್ಷೇತ್ರ ವಿಂಗಡಣೆಯಾಗಿ ಆಳಂದ ಬೀದರ್‌ಗೆ ಸೇರಿತ್ತು. ಅಫಜಲಪುರ, ಜೇವರ್ಗಿ ಗುಲಬರ್ಗಾದಲ್ಲೇ ಉಳಿದಿದ್ದವು. ಅಲ್ಲಿನ ಸಂಸದ ಅವರ ಜೀವದ ಗೆಳೆಯ ಮಲ್ಲಿಕಾರ್ಜುನ ಖರ್ಗೆ. ಲವ–ಕುಶ ಅಂತಿದ್ರು ಜನ ಇವರಿಬ್ಬರಿಗೆ. ವೈಜನಾಥ ಪಾಟೀಲರಂಥವರು ಬೀದಿಯಲ್ಲಿ ವರ್ಷಗಟ್ಟಲೆ ಹೋರಾಡಿದ ಬೇಡಿಕೆ 2012ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಪಾಸಾದಾಗ ಇಬ್ಬರೂ ಲೋಕಸಭೆಯಲ್ಲಿದ್ದರು. ಅದೇ 371(ಜೆ). ಈ ಭಾಗದ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ. 70 ಸೀಟು ಸ್ಥಳೀಯರಿಗೆ, ರಾಜ್ಯದ ಉಳಿದೆಡೆ ಶೇ. 8. ಇಲ್ಲಿನ ಸಿ ದರ್ಜೆ ನೌಕರಿಯಲ್ಲಿ ಶೇ. 80, ಡಿ ದರ್ಜೆಯಲ್ಲಿ ಶೇ. 85. ಅಫಜಲಪುರದ ತೊಗರಿ ರೈತನ ಮಗಳು ಇವತ್ತು ಡಾಕ್ಟರಾಗೋ ಕನಸು ಕಾಣ್ತಾಳೆ ಅಂದ್ರೆ ಅದರ ಹಿಂದೆ ಈ ಕಲಮು ಇದೆ. ಮೂವತ್ತು ವರ್ಷದ ಶಾಸಕಗಿರಿಯಲ್ಲಿ ಆಗದ್ದು, ಸೋತು ಹೋದ ಮೇಲೆ ಆಯ್ತು ನೋಡಿ.

2014ರಲ್ಲಿ ಬೀದರ್‌ನಲ್ಲೂ ಸೋತರು. 2017ರ ಜುಲೈ 27ರಂದು ತೀರಿಕೊಂಡರು. ಜೇವರ್ಗಿ ಮಾತ್ರ 2013ರಿಂದ ಸತತ ಮೂರು ಸಲ ಅವರ ಮಗ ಡಾ. ಅಜಯ್ ಸಿಂಗ್ ಅವರನ್ನೇ ಆರಿಸಿದೆ. 371(ಜೆ) ದುಡ್ಡು ಖರ್ಚು ಮಾಡುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023ರಲ್ಲಿ ಅಧ್ಯಕ್ಷರಾದವರೂ ಅವರೇ. ತಂದೆ ಕಾಲದಲ್ಲಿ ದುಡ್ಡಿಲ್ಲ ಅನ್ನೋ ನೆಪವಿತ್ತು. ಮಗನಿಗೆ ಆ ನೆಪವೂ ಇಲ್ಲ.