ಗೆಲಾಕ್ಸಿ ಗುಚ್ಛದ ಬಿಸಿ ಅನಿಲ ತಣ್ಣಗಾಗುವುದಿಲ್ಲವೇಕೆ? ಕಪ್ಪುಕುಳಿಯ ಕೈವಾಡ ಬಯಲು ಮಾಡಿದ ಖೋಡದ್ ದೂರದರ್ಶಕ

ಮುಂಬೈ: ವಿಕ್ರೋಳಿಯಿಂದ ಕಲ್ಯಾಣ್ ದಾಟಿ, ಮಾಳಶೇಜ್ ಘಾಟ್ ಹತ್ತಿ ಹೋದರೆ ಪುಣೆ ಜಿಲ್ಲೆಯ ಖೋಡದ್ ಗ್ರಾಮ ಸಿಗುತ್ತದೆ. 45 ಮೀಟರ್ ಅಗಲದ 30 ಡಿಶ್‌ಗಳಿರುವ ಜಿಎಂಆರ್‌ಟಿ ರೇಡಿಯೋ ದೂರದರ್ಶಕ ಇರುವುದು ಇಲ್ಲಿಯೇ. ಮುಂಬೈನ ಟಿಐಎಫ್‌ಆರ್ ಸಂಸ್ಥೆಗೆ ಸೇರಿದ ಈ ದೂರದರ್ಶಕವನ್ನು ಕಟ್ಟಿಸಿದವರು ವಿಜ್ಞಾನಿ ಗೋವಿಂದ ಸ್ವರೂಪ್. ಮಹಾಸ್ಫೋಟದ ನಂತರ ಕಂಡುಬಂದ ಅತಿ ದೊಡ್ಡ ಸ್ಫೋಟ ಎಂದು 2020ರ ಫೆಬ್ರವರಿಯಲ್ಲಿ ಸುದ್ದಿಯಾದ ಶೋಧಕ್ಕೆ ಇದರ ದತ್ತಾಂಶವೂ ಆಧಾರವಾಗಿತ್ತು.

ಏನಿದು ಗುಚ್ಛ?

ನೂರಾರು, ಕೆಲವೊಮ್ಮೆ ಸಾವಿರಾರು ಗೆಲಾಕ್ಸಿಗಳು ಗುರುತ್ವದಿಂದ ಒಟ್ಟಿಗಿರುವ ಸಮೂಹವೇ ಗೆಲಾಕ್ಸಿ ಗುಚ್ಛ. ಅವುಗಳ ನಡುವಿನ ಜಾಗ ಖಾಲಿಯಲ್ಲ. ಅಲ್ಲಿ ಕೋಟ್ಯಂತರ ಡಿಗ್ರಿ ಬಿಸಿಯಾದ, ಬಹಳ ತೆಳುವಾದ ಅನಿಲ ತುಂಬಿದೆ. ಗುಚ್ಛದ ಎಲ್ಲ ನಕ್ಷತ್ರಗಳನ್ನು ಒಟ್ಟು ಸೇರಿಸಿದರೂ ಈ ಅನಿಲದ ತೂಕವೇ ಹಲವು ಪಟ್ಟು ಹೆಚ್ಚು.

ಈ ಅನಿಲ ಎಕ್ಸ್-ರೇ ಸೂಸುತ್ತಾ ಶಾಖ ಕಳೆದುಕೊಳ್ಳುತ್ತದೆ. ನಡುಭಾಗದಲ್ಲಿ ದಟ್ಟವಾಗಿರುವುದರಿಂದ ಅಲ್ಲಿ ಬೇಗ ತಣಿಯಬೇಕು. ದೊಡ್ಡ ಗುಚ್ಛಗಳಲ್ಲಿ ವರ್ಷಕ್ಕೆ ನೂರಾರು ಸೂರ್ಯರಷ್ಟು ಅನಿಲ ತಣಿದು ಹೊಸ ನಕ್ಷತ್ರಗಳಾಗಬೇಕಿತ್ತು. ಆದರೆ ಲೆಕ್ಕಕ್ಕೆ ಸಿಕ್ಕಿದ್ದು ಅದರ ಸಣ್ಣ ಪಾಲು ಮಾತ್ರ. ಹಾಗಾದರೆ ಒಲೆ ಹೊತ್ತಿಸಿಟ್ಟವರು ಯಾರು?

ಕಪ್ಪುಕುಳಿಯೇ ಒಲೆ

ಉತ್ತರ ಇರುವುದು ಗುಚ್ಛದ ನಡುವಿನ ಗೆಲಾಕ್ಸಿಯ ದೈತ್ಯ ಕಪ್ಪುಕುಳಿಯಲ್ಲಿ. ಹತ್ತಿರ ಬಂದ ಅನಿಲವೆಲ್ಲವನ್ನೂ ಅದು ನುಂಗುವುದಿಲ್ಲ. ಒಂದಿಷ್ಟು ಶಕ್ತಿ ಎರಡು ದಿಕ್ಕಿಗೆ ಜೆಟ್‌ಗಳಾಗಿ ಚಿಮ್ಮಿ, ಬಿಸಿ ಅನಿಲವನ್ನು ತಳ್ಳಿ ದೊಡ್ಡ ಗುಳ್ಳೆಗಳನ್ನು ಮಾಡುತ್ತದೆ. ಗುಳ್ಳೆಗಳು ಮೇಲೇರುತ್ತಾ ಸುತ್ತಲಿನ ಅನಿಲವನ್ನು ಕದಡಿ ಬಿಸಿ ಮಾಡುತ್ತವೆ. ಅನಿಲ ತಣಿದರೆ ಕಪ್ಪುಕುಳಿಗೆ ಮೇವು ಹೆಚ್ಚು, ಜೆಟ್ ಜೋರು. ಅನಿಲ ಕಾದರೆ ಮೇವು ಕಡಿಮೆ, ಜೆಟ್ ಮಂದ. ನಮ್ಮ ಮನೆಯ ಫ್ರಿಜ್ಜಿನ ಥರ್ಮೋಸ್ಟಾಟ್ ಕೆಲಸವೂ ಹೆಚ್ಚುಕಡಿಮೆ ಇದೇ.

ಪರ್ಸಿಯಸ್ ಗುಚ್ಛದ ಅನಿಲದಲ್ಲಿ ಹೀಗೆ ಎದ್ದ ಅಲೆಗಳನ್ನು ನಾಸಾದ ಚಂದ್ರಾ ದೂರದರ್ಶಕ 2003ರಲ್ಲೇ ತೋರಿಸಿತ್ತು. ಬಿಸಿ ಅನಿಲ ಯಾವಾಗ ತುಣುಕು ತುಣುಕಾಗಿ ತಣಿದು ಕಪ್ಪುಕುಳಿಯತ್ತ ಬೀಳುತ್ತದೆ ಎಂಬುದನ್ನು ಕಂಪ್ಯೂಟರ್ ಲೆಕ್ಕಗಳಿಂದ ತೋರಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತೀಕ್ ಶರ್ಮಾ ಒಬ್ಬರು.

ಉರಗಧರದ ಕುಳಿ

2020ರ ಸುದ್ದಿ ಉರಗಧರ (ಒಫಿಯುಕಸ್) ಗುಚ್ಛದ್ದು. ದೂರ ಸುಮಾರು 39 ಕೋಟಿ ಜ್ಯೋತಿರ್ವರ್ಷ. ಅದರ ಬಿಸಿ ಅನಿಲದಲ್ಲಿ ಬಾಗಿದ ಅಂಚೊಂದು 2016ರಲ್ಲೇ ಎಕ್ಸ್-ರೇ ಚಿತ್ರಗಳಲ್ಲಿ ಕಂಡಿತ್ತು. ಅದು ಗುಳ್ಳೆಯ ಅಂಚಾದರೆ ಬೇಕಾದ ಶಕ್ತಿ ನಂಬಲಾಗದಷ್ಟು ಎಂದು ವಿಜ್ಞಾನಿಗಳು ಆ ಸಾಧ್ಯತೆಯನ್ನು ಕೈಬಿಟ್ಟಿದ್ದರು. ಜಿಎಂಆರ್‌ಟಿ ಮತ್ತು ಆಸ್ಟ್ರೇಲಿಯಾದ ಎಂಡಬ್ಲ್ಯುಎ ದತ್ತಾಂಶ ನೋಡಿದಾಗ, ಆ ಅಂಚಿನಾಚೆ ರೇಡಿಯೋ ಅಲೆ ಸೂಸುವ ಕಣಗಳೇ ತುಂಬಿದ್ದವು. ಅಲ್ಲಿಗೆ ಅದು ಗುಳ್ಳೆಯೇ ಎಂದಾಯಿತು. ನಮ್ಮ ಕ್ಷೀರಪಥದಂಥ 15 ಗೆಲಾಕ್ಸಿಗಳನ್ನು ಸಾಲಾಗಿ ಇಡಬಹುದಾದಷ್ಟು ದೊಡ್ಡದು! ಇದಕ್ಕೆ ತಗುಲಿದ ಶಕ್ತಿ ಹಿಂದಿನ ದಾಖಲೆಯ ಐದು ಪಟ್ಟು. ಸ್ಫೋಟ ಎಂದ ಮಾತ್ರಕ್ಕೆ ಪಟಾಕಿಯಂತೆ ಕ್ಷಣದಲ್ಲಿ ಮುಗಿದದ್ದಲ್ಲ, ಬಹಳ ನಿಧಾನವಾಗಿ ನಡೆದದ್ದು.

ಈಗ ಆ ಜೆಟ್ ಆರಿದೆ. ಅತ್ಯಂತ ದಟ್ಟವಾದ, ತಂಪಾದ ಅನಿಲ ನಡುವಿನ ಗೆಲಾಕ್ಸಿಯಿಂದ ಸುಮಾರು 6,500 ಜ್ಯೋತಿರ್ವರ್ಷ ಪಕ್ಕಕ್ಕೆ ಸರಿದಿದ್ದು, ಕಪ್ಪುಕುಳಿಗೆ ಮೇವು ತಪ್ಪಿರುವುದು ಇದಕ್ಕೆ ಕಾರಣವಿರಬಹುದು ಎನ್ನುತ್ತಾರೆ ವಿಜ್ಞಾನಿಗಳು.