ಜಾನ್ ಬಿ. ಕೆಲ್ಲಿ: ಹೆನ್ಲಿ ಬಾಗಿಲು ಮುಚ್ಚಿತು, ಒಲಿಂಪಿಕ್ಸ್ ಚಿನ್ನ ಒಲಿಯಿತು

ಹಾಲಿವುಡ್ ನಟಿ, ನಂತರ ಮೊನಾಕೊ ರಾಜಕುಮಾರನ ಕೈಹಿಡಿದ ಗ್ರೇಸ್ ಕೆಲ್ಲಿ ಹೆಸರು ಬಹುತೇಕರಿಗೆ ಗೊತ್ತು. ಆದರೆ ಅವರ ತಂದೆ ಜಾನ್ ಬಿ. ಕೆಲ್ಲಿ ಅವರ ಬದುಕು ಮಗಳ ಸಿನಿಮಾಗಳಿಗಿಂತ ಕಡಿಮೆ ರೋಚಕವೇನಲ್ಲ. ಗಾರೆ ಕೆಲಸದಿಂದ ಬದುಕು ಆರಂಭಿಸಿ ಕೋಟ್ಯಧಿಪತಿ ಗುತ್ತಿಗೆದಾರನಾದವರು, ಅಮೆರಿಕ ಅಧ್ಯಕ್ಷರ ಆಪ್ತ ವಲಯ ತಲುಪಿದವರು, ರೋಯಿಂಗ್‌ನಲ್ಲಿ ಮೂರು ಒಲಿಂಪಿಕ್ಸ್ ಚಿನ್ನ ಗೆದ್ದವರು ಅವರು. ಇಷ್ಟೆಲ್ಲ ಗೆದ್ದರೂ ಒಂದೇ ಒಂದು ಸ್ಪರ್ಧೆಯ ಬಾಗಿಲು ಮಾತ್ರ ಅವರಿಗೆ ತೆರೆಯಲಿಲ್ಲ.

ಹತ್ತು ಮಕ್ಕಳ ಕುಟುಂಬ

ಕೆಲ್ಲಿ ಹುಟ್ಟಿದ್ದು 1889ರ ಅಕ್ಟೋಬರ್ 4ರಂದು, ಫಿಲಡೆಲ್ಫಿಯಾ ನಗರದಲ್ಲಿ. ಐರ್ಲೆಂಡ್‌ನಿಂದ ವಲಸೆ ಬಂದ ದಂಪತಿಯ ಹತ್ತು ಮಕ್ಕಳಲ್ಲಿ ಒಬ್ಬರು. ಚಿಕ್ಕ ವಯಸ್ಸಿನಲ್ಲೇ ಕಾರ್ಪೆಟ್ ಗಿರಣಿಯಲ್ಲಿ ದುಡಿದರು. ಬಳಿಕ ಅಣ್ಣ ಪ್ಯಾಟ್ರಿಕ್‌ನ ಕಟ್ಟಡ ಕಂಪನಿಯಲ್ಲಿ ಇಟ್ಟಿಗೆ ಕಟ್ಟುವುದನ್ನು ಕಲಿತರು. ಬಿಡುವಿನ ವೇಳೆಯಲ್ಲಿ ನಗರದ ನಡುವೆ ಹರಿಯುವ ಸ್ಕೂಲ್‌ಕಿಲ್ ನದಿಯಲ್ಲಿ ದೋಣಿ ನಡೆಸುತ್ತಿದ್ದರು. 1909ರಲ್ಲಿ ಅಲ್ಲಿನ ವೆಸ್ಪರ್ ಬೋಟ್ ಕ್ಲಬ್ ಸೇರಿದರು.

ಮೊದಲ ಮಹಾಯುದ್ಧದಲ್ಲಿ ಸೇನೆಯಲ್ಲಿದ್ದು ಮರಳಿದ ಮೇಲೆ, ಸಹೋದರರಿಂದ ಸಾಲ ಪಡೆದು ಸ್ವಂತ ಇಟ್ಟಿಗೆ ಗುತ್ತಿಗೆ ಕಂಪನಿ ಆರಂಭಿಸಿದರು. ಆ ಸಹೋದರರೂ ಸಾಮಾನ್ಯರಲ್ಲ. ವಾಲ್ಟರ್ ರಂಗವೇದಿಕೆಯ ಜನಪ್ರಿಯ ಹಾಸ್ಯ ಕಲಾವಿದ. ಜಾರ್ಜ್ 1926ರಲ್ಲಿ ಪುಲಿಟ್ಜರ್ ಪ್ರಶಸ್ತಿ ಗಳಿಸಿದ ನಾಟಕಕಾರ.

1920ರಲ್ಲಿ ಹೆನ್ಲಿಯಲ್ಲಿ ಆಗಿದ್ದೇನು?

ಇಂಗ್ಲೆಂಡ್‌ನ ಥೇಮ್ಸ್ ನದಿಯಲ್ಲಿ ನಡೆಯುವ ಹೆನ್ಲಿ ರಾಯಲ್ ರೆಗಟ್ಟಾ ರೋಯಿಂಗ್ ಜಗತ್ತಿನ ಅತಿ ಪ್ರತಿಷ್ಠಿತ ಕೂಟಗಳಲ್ಲಿ ಒಂದು. ಅದರ ಡೈಮಂಡ್ ಸ್ಕಲ್ಸ್ ಸ್ಪರ್ಧೆಯಲ್ಲಿ ಒಬ್ಬರೇ ಕುಳಿತು ಎರಡು ಹುಟ್ಟು ಹಾಕುತ್ತಾ ದೋಣಿ ಓಡಿಸಬೇಕು. 1920ರಲ್ಲಿ ಕೆಲ್ಲಿ ಇದಕ್ಕೆ ಹೆಸರು ಕೊಟ್ಟರು. ಸಂಘಟಕರು ತಿರಸ್ಕರಿಸಿದರು.

‘ಗಾರೆ ಕೆಲಸದವನು ಎಂಬ ಒಂದೇ ಕಾರಣಕ್ಕೆ ತಡೆದರು’ ಎಂದೇ ಈ ಕಥೆ ಪ್ರಚಾರದಲ್ಲಿದೆ. ವಾಸ್ತವದಲ್ಲಿ ಕಾರಣ ಎರಡಿದ್ದವು. ಮೊದಲನೆಯದು ಕ್ಲಬ್‌ಗೆ ಸಂಬಂಧಿಸಿದ್ದು. 1905ರಲ್ಲಿ ವೆಸ್ಪರ್ ತಂಡ ಸಾರ್ವಜನಿಕರಿಂದ ಚಂದಾ ಎತ್ತಿ ಹೆನ್ಲಿಗೆ ಬಂದಿತ್ತು. ಇದು ಹವ್ಯಾಸಿ ಕ್ರೀಡಾಪಟುಗಳ ನಿಯಮಕ್ಕೆ ವಿರುದ್ಧ ಎಂದು ಆ ಕ್ಲಬ್‌ಗೆ ಪ್ರವೇಶವನ್ನೇ ನಿಷೇಧಿಸಲಾಗಿತ್ತು. ಎರಡನೆಯದು ಕೆಲ್ಲಿ ಅವರಿಗೇ ಸಂಬಂಧಿಸಿದ್ದು. ಕೂಲಿಗಾಗಿ ಕೈಕೆಲಸ ಮಾಡಿದವರನ್ನು ‘ಹವ್ಯಾಸಿ’ ಎಂದು ಪರಿಗಣಿಸಲು ಹೆನ್ಲಿ ನಿಯಮ ಒಪ್ಪುತ್ತಿರಲಿಲ್ಲ. ದೈಹಿಕ ದುಡಿಮೆಯಿಂದ ಬಲ ಬೆಳೆಯುತ್ತದೆ, ಅದು ಇತರರಿಗೆ ಅನ್ಯಾಯ ಎಂಬ ವಾದ ಈ ನಿಯಮದ ಪರವಾಗಿತ್ತು. ಆದರೆ ನಿಯಮದಿಂದ ಹೊರಗುಳಿದವರು ಯಾರು ಎಂದು ನೋಡಿದರೆ ಅದರ ಅಸಲಿ ಅರ್ಥ ತಿಳಿಯುತ್ತದೆ: ದುಡಿದು ತಿನ್ನುವ ವರ್ಗ.

ಒಂದು ಸೆಕೆಂಡ್ ಅಂತರದ ಉತ್ತರ

ಆ ವರ್ಷ ಡೈಮಂಡ್ ಸ್ಕಲ್ಸ್ ಗೆದ್ದವರು ಬ್ರಿಟನ್‌ನ ಜಾಕ್ ಬೆರೆಸ್‌ಫೋರ್ಡ್. ಕೆಲವೇ ವಾರಗಳಲ್ಲಿ ಆಂಟ್ವರ್ಪ್ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ಇಬ್ಬರೂ ಮುಖಾಮುಖಿಯಾದರು. ಕೆಲ್ಲಿ ಒಂದೇ ಸೆಕೆಂಡ್ ಅಂತರದಲ್ಲಿ ಗೆದ್ದರು. ಸುಮಾರು ಅರ್ಧ ಗಂಟೆಯ ಬಳಿಕ ಸೋದರ ಸಂಬಂಧಿ ಪಾಲ್ ಕಾಸ್ಟೆಲ್ಲೊ ಜತೆ ಮತ್ತೆ ನೀರಿಗಿಳಿದು ಡಬಲ್ ಸ್ಕಲ್ಸ್ ಚಿನ್ನವನ್ನೂ ಪಡೆದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದೇ ಜೋಡಿ ಮತ್ತೆ ಚಿನ್ನ ಗೆದ್ದಿತು. ರೋಯಿಂಗ್‌ನಲ್ಲಿ ಮೂರು ಒಲಿಂಪಿಕ್ಸ್ ಚಿನ್ನ ಗೆದ್ದ ಮೊದಲಿಗ ಎಂಬ ಹೆಗ್ಗಳಿಕೆ ಕೆಲ್ಲಿ ಅವರದಾಯಿತು.

ಗೆದ್ದ ನಂತರ ಬೆವರು ಹತ್ತಿದ ತಮ್ಮ ಹಸಿರು ಟೋಪಿಯನ್ನು ದೊರೆ ಐದನೇ ಜಾರ್ಜ್‌ಗೆ ಕಳಿಸಿಕೊಟ್ಟರು ಎಂಬ ಮಾತೂ ಇದೆ. ಇದು ದಂತಕಥೆಯಾಗಿಯೇ ಉಳಿದಿದೆ.

ಉದ್ಯಮ, ರಾಜಕೀಯ, ನಂಟು

1924ರಲ್ಲೇ ಕೆಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ ಮಾರ್ಗರೆಟ್ ಮೇಜರ್ ಅವರನ್ನು ಮದುವೆಯಾದರು. ದಂಪತಿಗೆ ನಾಲ್ವರು ಮಕ್ಕಳು. ಇಟ್ಟಿಗೆ ಗುತ್ತಿಗೆ ಅವರನ್ನು ನಗರದ ದೊಡ್ಡ ಶ್ರೀಮಂತರ ಸಾಲಿಗೆ ಸೇರಿಸಿತು. ಡೆಮಾಕ್ರಟಿಕ್ ಪಕ್ಷದಿಂದ 1935ರಲ್ಲಿ ಫಿಲಡೆಲ್ಫಿಯಾ ಮೇಯರ್ ಚುನಾವಣೆಗೆ ನಿಂತು ಸೋತರು. ಆದರೆ ಪಕ್ಷದಲ್ಲಿ ಪ್ರಭಾವ ಕುಗ್ಗಲಿಲ್ಲ. ಎರಡನೇ ಮಹಾಯುದ್ಧದ ವೇಳೆ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು ದೇಶದ ದೈಹಿಕ ಸಾಮರ್ಥ್ಯ ಕಾರ್ಯಕ್ರಮದ ಹೊಣೆಯನ್ನು ಕೆಲ್ಲಿ ಅವರಿಗೆ ವಹಿಸಿದರು.

ಮಗ ತೀರಿಸಿದ ಬಾಕಿ

ಇಷ್ಟು ಹಣ, ಇಷ್ಟು ನಂಟಿದ್ದರೂ ಹೆನ್ಲಿಯ ನೋವು ಮಾಸಲಿಲ್ಲ. ಮಗ ಜಾಕ್ ಕೆಲ್ಲಿ ಜೂನಿಯರ್‌ಗೆ ಬಾಲ್ಯದಿಂದಲೇ ಹುಟ್ಟು ಹಿಡಿಯಲು ಕಲಿಸಿದರು. ಈ ನಡುವೆ, 1937ರಲ್ಲಿ ಕೈಕೆಲಸದವರನ್ನು ದೂರವಿಡುವ ಷರತ್ತನ್ನು ಹೆನ್ಲಿ ಕೈಬಿಟ್ಟಿತ್ತು. 1946ರ ಫೈನಲ್‌ನಲ್ಲಿ ಸೋತ ಜಾಕ್, 1947ರಲ್ಲಿ ಡೈಮಂಡ್ ಸ್ಕಲ್ಸ್ ಗೆದ್ದರು. ತಂದೆಯನ್ನು ತಡೆದು ಆಗ 27 ವರ್ಷವಾಗಿತ್ತು. 1949ರಲ್ಲಿ ಮತ್ತೊಮ್ಮೆ ಗೆದ್ದರು.

ಆದರೆ ಗಮನಿಸಬೇಕಾದ ಅಂಶವೊಂದಿದೆ. ಜಾಕ್ ಕೂಲಿಗೆ ಇಟ್ಟಿಗೆ ಹೊತ್ತವರಲ್ಲ, ಶ್ರೀಮಂತರ ಮನೆಯ ಹುಡುಗ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಹಳೆಯ ನಿಯಮ ಜಾರಿಯಲ್ಲಿದ್ದರೂ ಅವರ ದುಡಿಮೆಯ ಬಗ್ಗೆ ಯಾರೂ ಪ್ರಶ್ನೆ ಎತ್ತುವಂತಿರಲಿಲ್ಲ. ತಂದೆಯ ಗಾರೆ ಕೆಲಸವೇ ಮಗನನ್ನು ಆ ಸ್ಥಾನಕ್ಕೆ ತಂದಿತ್ತು.

ಕೆಲ್ಲಿ 1960ರ ಜೂನ್ 20ರಂದು ನಿಧನರಾದರು. ಸ್ಕೂಲ್‌ಕಿಲ್ ದಂಡೆಯಲ್ಲಿ ದೋಣಿಯೊಳಗೆ ಕುಳಿತ ಭಂಗಿಯ ಅವರ ಕಂಚಿನ ಪ್ರತಿಮೆ ಇದೆ. ಅದೇ ದಂಡೆಯ ‘ಕೆಲ್ಲಿ ಡ್ರೈವ್’ ರಸ್ತೆಗೂ ಅವರದ್ದೇ ಹೆಸರು ಎಂದು ಹಲವರು ಭಾವಿಸುತ್ತಾರೆ. ಅದು ಮಗ ಜಾಕ್ ಹೆಸರು. ಇನ್ನು ಹೆನ್ಲಿಯಲ್ಲಿ ಈಗ ಮಹಿಳೆಯರ ನಾಲ್ವರ ತಂಡಗಳು ಸೆಣಸುವ ಒಂದು ಪ್ರಶಸ್ತಿಗೆ ‘ಪ್ರಿನ್ಸೆಸ್ ಗ್ರೇಸ್ ಚಾಲೆಂಜ್ ಕಪ್’ ಎಂದು ಹೆಸರು. ತಂದೆಗೆ ಪ್ರವೇಶ ಕೊಡದ ಕೂಟದಲ್ಲಿ ಮಗಳ ಹೆಸರಿನ ಕಪ್ ಇದೆ.